ಹಳೇ ಕಾರ್ಡಿನ ಜಾಗ

ಭಾನುವಾರ ಬೆಳಿಗ್ಗೆಯಿಂದ ಅವರು ಕಂಪ್ಯೂಟರ್ ಬಿಚ್ಚಿಕೊಂಡು ಕೂತಿದ್ದರು. ಸುಟ್ಟುಹೋದ ನೆಟ್‌ವರ್ಕ್ ಕಾರ್ಡ್ ತೆಗೆದು ಹೊಸದನ್ನು ಹಾಕಿದ್ದರೂ ಕಂಪ್ಯೂಟರಿನ ಲಿನಕ್ಸ್ ಸಿಸ್ಟಮ್ಮು ಅದನ್ನು ಗುರುತಿಸುತ್ತಿರಲಿಲ್ಲ, ಇಂಟರ್ನೆಟ್ ಬರುತ್ತಿರಲಿಲ್ಲ. ಮೇಲೆ ಗೋಡೆಯಲ್ಲಿ ಮಾಲಿನಿಯ ಫೋಟೋ. ಅದರ ಗಂಧದ ಹಾರದ ಧೂಳು ಒರೆಸುವುದು, ಈ ಮನೆಗೆ ಎರಡನೆಯವಳಾಗಿ ಬಂದ ಎಂಟು ತಿಂಗಳಿಂದಲೂ, ನನ್ನ ಭಾನುವಾರದ ಕೆಲಸ.

"ಏನೇ, ಸ್ವಲ್ಪ ಟಾರ್ಚ್ ಹಿಡಿ."

ಹಿಡಿದೆ. ಎಂಟು ತಿಂಗಳಲ್ಲಿ ನನ್ನನ್ನು ಒಮ್ಮೆಯೂ ಹೆಸರು ಹಿಡಿದು ಕರೆದವರಲ್ಲ. ನಾನೂ ಕೇಳಿಲ್ಲ.

"ಹೊಸ ಕಾರ್ಡೇ ಸರಿಯಿಲ್ವೇನೋ ರೀ?"

"ಕಾರ್ಡ್ ಚೆನ್ನಾಗೇ ಇದೆ. ಒಂದು ಫೈಲಲ್ಲಿ ಹಳೇದರ ನಂಬರ್ ಹಾಗೇ ಉಳ್ಕೊಂಡಿದೆ. ಸಿಸ್ಟಮ್ಮು ಇನ್ನೂ ಅದನ್ನೇ ಹುಡುಕ್ತಾ ಇದೆ. ಎದುರಿಗೇ ಇರೋ ಹೊಸದು ಅದರ ಲೆಕ್ಕಕ್ಕೇ ಇಲ್ಲ."

"ಮತ್ತೇನ್ ಮಾಡ್ಬೇಕು?"

"ಆ ಸಾಲು ಅಳಿಸಿ ಇದರ ನಂಬರ್ ಬರೆದ್ರಾಯ್ತು."

"ಅಷ್ಟೇನಾ?"

"ಅಷ್ಟೇ. ಒಂದು ನಿಮಿಷದ ಕೆಲಸ."

ಅಳಿಸಿದರು, ಬರೆದರು, ಕಂಪ್ಯೂಟರನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದರು. ಸ್ವಲ್ಪ ಹೊತ್ತಿಗೆ ಹಿಂಬದಿಯ ಹಸಿರು ದೀಪ ಮಿನುಗತೊಡಗಿತು. ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಟಾರ್ಚ್ ಆರಿಸುವಷ್ಟರಲ್ಲಿ, ಪರದೆಯಿಂದ ಕಣ್ಣು ತೆಗೆಯದೆಯೇ, ಮೊದಲ ಸಲ ಹೆಸರು ಹಿಡಿದು ಕರೆದರು:

"ಬಂತು ಕಣೇ ಮಾಲಿನೀ! ಒಂದ್ಲೋಟ ಕಾಫಿ ತಾ."