ಕಂಬಳಿ ಹೊದ್ದ ಹಂಡೆ

ಬಾಗಿಲ ಪಕ್ಕ ಆರೋಗ್ಯ ಇಲಾಖೆಯವರು ಸೀಮೆಸುಣ್ಣದಲ್ಲಿ ಬರೆದ ತಾರೀಕು ಕಂಡರೆ ಈಗಲೂ ನನಗೆ ಹಿರಿಯೂರಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಬಾಣಂತಿ ಚಿಕ್ಕಮ್ಮನ ಕೂಸಿಗೆ ಎರೆಯಲು ಕೂಡಿಟ್ಟ ನೀರನ್ನು ಹೆಲ್ತ್ ಇನ್‌ಸ್ಪೆಕ್ಟರ್ ಚೆಲ್ಲಿಸಿಬಿಡುತ್ತಾರೆಂದು ಅಜ್ಜಿ ಹಂಡೆಗೆ ಕಂಬಳಿ ಹೊದಿಸಿದ್ದಳು. ನಲ್ಲಿ ಮತ್ತೆ ಬರಲು ನಾಲ್ಕು ದಿನವಿತ್ತು.

"ಕುರಿಗೆ ಜ್ವರ ಸಾರ್, ಮಲಗೈತೆ," ಅಂದಳು, ಅವರು ಒಳಗೆ ಬಂದು ಕಂಬಳಿ ಕಡೆ ನೋಡಿದಾಗ.

ಅವರು ಕಂಬಳಿ ಸರಿಸಿ ಟಾರ್ಚ್ ಬಿಟ್ಟರು. "ಇದರ ಹೊಟ್ಟೇಲಿ ಎಷ್ಟು ಮರಿ ಈಜ್ತಾವೆ ನೋಡ್ರಿ ಅಜ್ಜಿ. ಸೊಳ್ಳೆಯಾಗಿ ಮೊದಲು ಕೂಸಿನ ಹತ್ರಾನೇ ಬರ್ತಾವೆ."

ಅಜ್ಜಿ ತಾನೇ ಹಂಡೆ ಬಗ್ಗಿಸಿದಳು. ಅವರು ಅದರ ಒಳಗೆಲ್ಲ ತಿಕ್ಕಿ, ಗೋಡೆ ಮೇಲೆ ತಾರೀಕು ಬರೆದು ಹೋದರು.

ಸಂಜೆ ಅವರೇ ಸ್ಕೂಟರಿನಲ್ಲಿ ಎರಡು ಕೊಡ ನೀರು ತಂದಿಳಿಸಿದರು. "ನಮ್ಮನೇದು. ನಿಮ್ಮ ಕುರಿಗೆ ಕುಡಿಸ್ರಿ, ಬಾಯಿಗೆ ಬಟ್ಟೆ ಕಟ್ರಿ."

ಯುಗಾದಿಗೆ ಸುಣ್ಣ ಬಳಿಯುವಾಗ ಅಜ್ಜಿ ಆ ತಾರೀಕಿನಷ್ಟು ಗೋಡೆ ಬಿಟ್ಟು ಬಳಿದಳು.