ಕಚ್ಚಿದ ಗುರುತು

ಬಾಕ್ಸಿಂಗ್ ಗ್ಲೌಸ್ ಕಟ್ಟಿಸಿಕೊಂಡ ಪ್ರೇಕ್ಷಾ ತುತ್ತಿಗೆ ಕಾಯುವವಳಂತೆ ಅಪ್ಪನೆದುರು ಬಾಯಿ ತೆರೆದು ನಿಂತಳು. ಡಬ್ಬಿಯಿಂದ ಹಲ್ಲಿನ ಗಾರ್ಡ್ ತೆಗೆದ ಪ್ರೇಮನಾಥನ ಕೈ ಅಲ್ಲೇ ನಿಂತಿತು. ಎರಡು ತಿಂಗಳ ಹಿಂದೆ, ವರ್ತಕ ನಗರದ ತನ್ನ ಹೋಟೆಲಿನ ಬಿಸಿನೀರಲ್ಲಿ ಮೆದು ಮಾಡಿ ಅವನೇ ಮಗಳ ಹಲ್ಲಿಗೆ ಕೂರಿಸಿದ್ದ ರಬ್ಬರು ಅದು. ಈಗ ಎರಡೂ ದವಡೆಯ ಕಡೆ ಕಚ್ಚಿ ಕಚ್ಚಿ ತೂತು ಬಿದ್ದಿತ್ತು. ಇಷ್ಟು ದಿನ ಹುಡುಗರ ಜೊತೆ ಪ್ರ್ಯಾಕ್ಟೀಸ್ ಮಾಡಿದರೂ ಒಮ್ಮೆಯೂ ನೋವು, ಭಯ ಎಂದವಳಲ್ಲ.

ಅವಳ ತೂಕಕ್ಕೆ ಹುಡುಗಿಯರೇ ಇಲ್ಲ ಎಂದು ಕೋಚ್ ಹೇಳಿದಾಗ, "ಹುಡುಗರ ಜೊತೆ ಆಡಲಿ, ನನ್ನ ಮಗಳೇನು ಕಮ್ಮಿಯಾ?" ಎಂದು ಬಾಕ್ಸಿಂಗ್ ಕ್ಲಬ್ಬಿನಲ್ಲಿ ಎದೆ ತಟ್ಟಿದ್ದವನು ಅವನೇ. ಹೋದ ವರ್ಷ ಅವಳ ಕೈಲಿ ಸೋತಿದ್ದ ಓಂಕಾರ ಈಗ ರಿಂಗಿನ ಎದುರು ಮೂಲೆಯಲ್ಲಿ ಗ್ಲೌಸ್ ಕುಟ್ಟುತ್ತಿದ್ದ. ಒಂದು ಗೇಣು ಬೆಳೆದಿದ್ದ, ಮೀಸೆ ಚಿಗುರಿತ್ತು.

"ಪಪ್ಪಾ, ಜಲ್ದಿ ದೋ ನಾ," ಎಂದು ಬೇಗ ಕೊಡಲು ಅವಸರಿಸಿದಳು ಪ್ರೇಕ್ಷಾ, ಆ ಮೂಲೆಯ ಕಡೆ ಮಾತ್ರ ನೋಡದೆ.

ಪ್ರೇಮನಾಥ ಅವಳ ಕಣ್ಣೆದುರೇ ಗಾರ್ಡನ್ನು ಜೇಬಿಗಿಳಿಸಿ ರೆಫರಿಯ ಹತ್ತಿರ ಹೋದ. "ಸರ್, ಗಾರ್ಡ್ ಹೋಟೆಲಲ್ಲೇ ಬಿಟ್ಟು ಬಂದೆ. ತಪ್ಪು ನಂದೇ."

ಗಾರ್ಡ್ ಇಲ್ಲದೆ ಆಟವಿಲ್ಲ ಎಂದ ರೆಫರಿ, ಓಂಕಾರನೇ ಗೆದ್ದನೆಂದು ಅವನ ಕೈ ಎತ್ತಿದ. ಮಗಳಿಂದ ಬೈಸಿಕೊಳ್ಳಲು ತಯಾರಾಗಿಯೇ ಪ್ರೇಮನಾಥ ಹಿಂತಿರುಗಿದ. ಅವಳು ಬಿಚ್ಚಲೆಂದು ಎರಡೂ ಗ್ಲೌಸ್ ಚಾಚಿದಳು.

"ಪಪ್ಪಾ," ಎಂದಳು ಮೆಲ್ಲಗೆ, "ಹೊಸ ಗಾರ್ಡ್ ತರಬೇಡಿ."