ಬಲಗಣ್ಣಿಗೆ ಮಾತ್ರ

ಮದುವೆ ಮನೆಗಳಲ್ಲಿ ಊಟ ಬಡಿಸಿಯೇ ತಲೆ ನರೆತಿದ್ದ ಹಿರಿಯರ ಎರಡೂ ಕಣ್ಣಲ್ಲಿ ಒತ್ತಡ ಏರಿತ್ತು. ಗ್ಲಾಕೋಮಾ ಎಂದರು ಡಾಕ್ಟರು. ಆ ಡಾಕ್ಟರು ವಿವರಿಸಲು ಕೂತರೆ ರೋಗಿಗೆ ಕಣ್ಣಿಗಿಂತ ಮೊದಲು ಕಿವಿಯೇ ಕೆಡುತ್ತಿತ್ತು.

"ಈ ಡ್ರಾಪ್ಸ್ ಬಲಗಣ್ಣಿಗೆ ಮಾತ್ರ ಹಾಕ್ಕೊಳ್ಳಿ. ಸದ್ಯಕ್ಕೆ ಎಡಗಣ್ಣಿಗೆ ಬೇಡ. ಒತ್ತಡ ತಾನಾಗೇ ಏರಿಳೀತಾ ಇರತ್ತೆ ನೋಡಿ. ಬಲಗಣ್ಣಲ್ಲಿ ಮಾತ್ರ ಇಳಿದ್ರೆ ಅದು ಔಷಧದ ಕೆಲಸ ಅಂತ ಗೊತ್ತಾಗತ್ತೆ. ತಿಳೀತಾ?"

"ತಿಳೀತು ಸಾರ್," ಎಂದರು ಹಿರಿಯರು.

ತಿಂಗಳು ಬಿಟ್ಟು ಮತ್ತೆ ಬಂದರು. ಡಾಕ್ಟರು ಒತ್ತಡ ಅಳೆದರು. ಮುಖ ಸಿಂಡರಿಸಿ ಮತ್ತೊಮ್ಮೆ ಅಳೆದರು. ಎರಡೂ ಕಣ್ಣಲ್ಲಿ ಒಂದೇ ಸಮ ಇಳಿದಿತ್ತು.

"ಛೆ! ಹಾಕದೇ ಇರೋ ಕಣ್ಣಲ್ಲೂ ಇಳಿದಿದೆ ಅಂದ್ಮೇಲೆ ಇದು ಔಷಧದ ಕೆಲಸವೇ ಅಲ್ಲ. ಈ ಡ್ರಾಪ್ಸ್ ದಂಡ. ನಿಮಗೆ ಆಪರೇಷನ್ನೇ ಗತಿ."

"ಅಯ್ಯೋ, ಇಳಿದಿದ್ದಕ್ಕೆ ಕತ್ತರಿ ಹಾಕ್ತೀರಾ?"

"ಇಳಿದಿದ್ದು ಮುಖ್ಯ ಅಲ್ಲ ಕಣ್ರೀ, ಯಾಕೆ ಇಳೀತು ಅನ್ನೋದು ಮುಖ್ಯ! ನಾನು ಹೇಳಿದ ಹಾಗೇ ತಾನೆ ಹಾಕಿದ್ದು?"

ಹಿರಿಯರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು.

"ಬಲಗಣ್ಣಿಗೆ ನೀವು ಹೇಳಿದ ಹಾಗೇ ಹಾಕಿದೆ. ಆದ್ರೆ ಅದೇ ಪಂಕ್ತೀಲಿ, ಪಕ್ಕದಲ್ಲೇ ಕೂತಿರೋ ಎಡಗಣ್ಣನ್ನ ಬಿಟ್ಟು ಮುಂದೆ ಹೋಗೋಕೆ ಬಡಿಸೋ ಕೈಗೆ ಆಗತ್ತಾ ಸಾರ್?"